ಹೊಸ್ತಿಲಲ್ಲಿ ಜೇಬು ಕೊಡವಿದವಳು

ಪ್ಲೇನ್‌ಫೀಲ್ಡ್

ಪ್ಲೇನ್‌ಫೀಲ್ಡಿಗೆ ಬಂದ ವಾರದೊಳಗೆ ನಾನು ಅನುಮಾನಾಸ್ಪದ ವ್ಯಕ್ತಿಯಾದೆ.

ನನ್ನ ತಂಗಿಯ ಮಗಳು ಸ್ಮಿತಾ ಷಿಕಾಗೋ ಆಚೆಯ ಈ ಊರಿನಲ್ಲಿ ಹೊಸ ಮನೆ ಕೊಂಡು ಗೃಹಪ್ರವೇಶಕ್ಕೆಂದು ನನ್ನನ್ನು ಕರೆಸಿಕೊಂಡಿದ್ದಳು. ಹೋಮ ಮುಗಿಯಿತು. ಬಂದವರು ಊಟ ಮಾಡಿ, ಉಳಿದ ಪುಳಿಯೋಗರೆಯನ್ನು ಡಬ್ಬಿಗಳಲ್ಲಿ ತುಂಬಿಸಿಕೊಂಡು ಹೊರಟರು. ಮರುದಿನದಿಂದ ನಾನು ಬೆಳಗಿನ ಹೊತ್ತು ಶಾಲು ಹೊದ್ದು, ಬೂಟು ಹಾಕಿಕೊಂಡು ನಡೆಯತೊಡಗಿದೆ. ಆದರೆ ಸಬ್ ಇನ್‌ಸ್ಪೆಕ್ಟರಾಗಿ ಸೇರಿ ಡಿವೈಎಸ್‌ಪಿಯಾಗಿ ನಿವೃತ್ತಳಾದವಳಿಗೆ ಸುಮ್ಮನೆ ನಡೆಯುವುದು ಬರುವುದಿಲ್ಲ. ನಾನು ಬೀಟ್ ತಿರುಗುತ್ತಿದ್ದೆ. ಯಾವ ಮನೆಯ ಬಾಗಿಲಲ್ಲಿ ಪಾರ್ಸೆಲ್ ನಿನ್ನೆಯಿಂದ ಬಿದ್ದಿದೆ, ಯಾವ ಕಿಟಕಿಗೆ ಪರದೆಯಿಲ್ಲ, ಯಾವ ಕಾರಿನೊಳಗೆ ಲ್ಯಾಪ್‌ಟಾಪ್ ಕಾಣುವ ಹಾಗಿದೆ ಎಂದು ನೋಡುತ್ತ, ಅಲ್ಲಲ್ಲಿ ನಿಂತು, ಮುಂದೆ ಹೋಗುತ್ತಿದ್ದೆ.

"ದೊಡ್ಡಮ್ಮಾ, ಇದು ನೀವೇನಾ ನೋಡಿ," ಎಂದು ಸ್ಮಿತಾ ಒಂದು ಬೆಳಿಗ್ಗೆ ಫೋನನ್ನು ನನ್ನ ಮುಖದ ಹತ್ತಿರ ತಂದಳು.

ನಾನೇ. ಯಾರದೋ ಕರೆಗಂಟೆಯಲ್ಲಿ ಅಡಗಿದ್ದ ಕ್ಯಾಮೆರಾ ನನ್ನನ್ನು ಹಿಂದಿನಿಂದ ಹಿಡಿದಿತ್ತು. ಶಾಲಿನೊಳಗೆ ಏನೋ ಬಚ್ಚಿಟ್ಟುಕೊಂಡವಳ ಹಾಗೆ ಕಾಣುತ್ತಿದ್ದೆ. ಬಡಾವಣೆಯವರೆಲ್ಲ ಸೇರಿರುವ ಗುಂಪಿನಲ್ಲಿ ಆ ಚಿತ್ರದ ಕೆಳಗೆ ಹೇಳಿಕೆಗಳು ಸಾಲುಗಟ್ಟಿದ್ದವು. ವಯಸ್ಸಾದ ಹೆಂಗಸೊಬ್ಬರು ಮನೆಗಳನ್ನು ಗಮನಿಸುತ್ತಿದ್ದಾರೆ, ಯಾರಿಗಾದರೂ ಗೊತ್ತೆ? ಪಾಪ, ದಾರಿ ತಪ್ಪಿರಬಹುದು. ನಮ್ಮ ಗ್ಯಾರೇಜಿನ ಮುಂದೆ ನಿಂತು ತಲೆ ಅಲ್ಲಾಡಿಸಿದರು.

"ಆ ಗ್ಯಾರೇಜ್ ನಾನು ಬಂದಾಗಿಂದ ತೆಗೆದೇ ಇದೆ ಕಣೇ. ತಲೆ ಅಲ್ಲಾಡಿಸದೆ ಇನ್ನೇನ್ ಮಾಡ್ಲಿ?"

"ಇಲ್ಲಿ ಹಂಗೆಲ್ಲ ಬೇರೆಯವ್ರ ಮನೆ ನೋಡ್ಬಾರ್ದು ದೊಡ್ಡಮ್ಮ."

"ನೋಡ್ಬಾರ್ದು ಅಂದ್ರೆ ಅವ್ರು ನನ್ನನ್ನ ನೋಡಿದ್ದು ಹೆಂಗೆ?"

ಸ್ಮಿತಾ ನಗುತ್ತ, ಇವರು ನನ್ನ ದೊಡ್ಡಮ್ಮ, ಭಾರತದ ನಿವೃತ್ತ ಪೊಲೀಸ್ ಅಧಿಕಾರಿ ಎಂದು ಬರೆದು ಹಾಕಿದಳು. ಕೂಡಲೇ ಕೆಂಪು ಹೃದಯಗಳ ಮಳೆ. ಪಕ್ಕದ ಬೀದಿಯವರು, ನಮ್ಮ ಕಡೆಗೂ ಬಂದುಹೋಗಲಿ ಎಂದು ಬರೆದರು. ಗ್ಯಾರೇಜಿನವರು ಮಾತ್ರ ಏನೂ ಬರೆಯಲಿಲ್ಲ. ಮರುದಿನ ಅದು ಮುಚ್ಚಿತ್ತು.

ನಮ್ಮ ಕಡೆ ಒಂದು ಮನೆಯ ಮುಂದೆ ಪೊಲೀಸ್ ಜೀಪು ನಿಂತರೆ ಅಕ್ಕಪಕ್ಕದವರು ಗೇಟಿಗೆ ಬರುತ್ತಾರೆ. ಕೈಯಲ್ಲಿ ಸೌಟು ಹಿಡಿದವರು ಸೌಟು ಹಿಡಿದೇ ಬರುತ್ತಾರೆ. ಇಲ್ಲಿಯೂ ನೆರೆಯವರಿಗೆ ಕುತೂಹಲ ಅಷ್ಟೇ ಇದೆ. ಆದರೆ ಅವರು ಗೇಟಿಗೆ ಬರುವುದಿಲ್ಲ, ಫೋನಿನೊಳಗೆ ಬಂದು ನಿಲ್ಲುತ್ತಾರೆ. ಇದನ್ನು ಆ ದಿನ ತಮಾಷೆಯಾಗಿಯೇ ಯೋಚಿಸಿದ್ದೆ. ಸಂಜೆ ಡೇಲ್‌ನ ಫೋನು ಬಂತು.

"ಇನ್‌ಸ್ಪೆಕ್ಟರ್, ನೀನು ಅಮೆರಿಕದಲ್ಲಿದ್ದೀಯಂತೆ. ಒಳ್ಳೇ ಹೊತ್ತಿಗೆ ಬಂದೆ. ಮಾರ್ಥಾ ನೀನು ಕಲಿಸಿದ ಕೆಲಸ ಮಾಡಿ ಫೇಲಾಗಿದಾಳೆ."

ಡೇಲ್ ಆಡುವುದು ಇಂಗ್ಲಿಷ್. ಮಾರ್ಥಾಳದೂ ಇಂಗ್ಲಿಷೇ, ಅವಳ ದೇಶದ ರಾಗದಲ್ಲಿ. ನನ್ನೊಳಗೆ ಅವರ ಮಾತು ಮೈಸೂರಿನ ಕನ್ನಡವಾಗಿಯೇ ಉಳಿಯುತ್ತದೆ. ಹಾಗೆಯೇ ಬರೆಯುತ್ತೇನೆ.

ಇವರಿಬ್ಬರು ಯಾರೆಂದು ಹೇಳಬೇಕು. ಬಹಳ ವರ್ಷಗಳ ಹಿಂದೆ, ಪಶ್ಚಿಮ ಆಫ್ರಿಕದ ಒಂದು ದೇಶದಲ್ಲಿ ಅಂತರ್ಯುದ್ಧ ಮುಗಿದ ಮೇಲೆ, ಅಲ್ಲಿನ ಹೊಸ ಪೊಲೀಸರಿಗೆ ಕೆಲಸ ಕಲಿಸಲು ಹಲವು ದೇಶಗಳಿಂದ ಪೊಲೀಸರು ಹೋದರು. ದೇಶದ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಬಂದೂಕು ಹಿಡಿದವರನ್ನೇ ಕಾಣುತ್ತೀರಿ. ನಾನು ಕಂಡದ್ದು ಹೆಚ್ಚಾಗಿ ಠಾಣೆಯ ಜಗಲಿಯಲ್ಲಿ ಕುಳಿತು ಬೂಟಿಗೆ ಪಾಲಿಶ್ ಹಾಕುತ್ತಿದ್ದ ಹುಡುಗ ಹುಡುಗಿಯರನ್ನು. ಒಂದೇ ಠಾಣೆಗೆ ಇಬ್ಬರು ಮಾರ್ಗದರ್ಶಕರು ಬಿದ್ದೆವು. ಕರ್ನಾಟಕದಿಂದ ಬಂದ ನಾನು, ಡೆಟ್ರಾಯಿಟ್ ಪಕ್ಕದ ಸಣ್ಣ ಊರೊಂದರ ಡೇಲ್. ನಮಗೆ ಅಪ್ಪಣೆ ಕೊಡುವ ಅಧಿಕಾರವಿರಲಿಲ್ಲ. ಪಕ್ಕದಲ್ಲಿ ನಿಂತು ಸಲಹೆ ಕೊಡಬಹುದು, ಅಷ್ಟೆ. ಇಬ್ಬರ ಸಲಹೆ ಒಂದೇ ದಿಕ್ಕಿಗೆ ಹೋದ ದಿನ ನನಗೆ ನೆನಪಿಲ್ಲ.

ಮಾರ್ಥಾ ಆ ಠಾಣೆಯ ಹೊಸ ಪೇದೆಗಳಲ್ಲಿ ಒಬ್ಬಳು. ಆಮೇಲೆ ಅಕ್ಕನ ಹಿಂದೆ ಮಿಷಿಗನ್‌ಗೆ ಬಂದಳು, ಆಸ್ಪತ್ರೆಯೊಂದರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದಳು, ಅಮೆರಿಕದ ಪ್ರಜೆಯಾದಳು. ಈಗ ನಲವತ್ತು ದಾಟಿದ ಮೇಲೆ ಇಲ್ಲಿನ ಪೊಲೀಸ್ ತರಬೇತಿ ಶಾಲೆ ಸೇರಿದ್ದಾಳೆ. ಹತ್ತಿರದ ಊರೊಂದು, ಪಾಸಾದರೆ ಕೆಲಸ ಕೊಡುತ್ತೇವೆ ಎಂದಿದೆ.

"ಮನೆ ಶೋಧದ ಪರೀಕ್ಷೆ," ಎಂದ ಡೇಲ್. "ಬಾಗಿಲಿಗೆ ಹೋಗಿದಾಳೆ. ನೆರೆಮನೆಯವರ ಪಾತ್ರ ಮಾಡ್ತಿದ್ದ ಇಬ್ಬರನ್ನ ಬನ್ನಿ ಅಂತ ಹತ್ತಿರ ಕರೆದಿದಾಳೆ. ಅವರ ಮುಂದೆ ಎರಡೂ ಕೈ ಜೇಬಿಗೆ ಹಾಕಿ, ಒಳಗಿನ ಬಟ್ಟೆ ಹೊರಗೆ ಎಳೆದು ತೋರಿಸಿದಾಳೆ. ಬಾಗಿಲ ಹಿಂದೆ ಪಿಸ್ತೂಲು ಹಿಡ್ಕೊಂಡು ಒಬ್ಬ ಕೂತಿದ್ದ. ಅವನ ಕೈಲಿ ಸತ್ತಳು, ನೆರೆಯವರನ್ನೂ ಸಾಯಿಸಿದಳು. ಪರೀಕ್ಷೇಲಿ."

"ಇನ್ನೊಂದು ಅವಕಾಶ ಇಲ್ವಾ?"

"ಶುಕ್ರವಾರ. ಅದೂ ಹೋದರೆ ಮನೆಗೆ. ಆ ವಯಸ್ಸಿಗೆ ಇನ್ನೊಂದು ಊರು ಕರೆಯುತ್ತೆ ಅಂತ ನಂಬಿಕೆ ಇಲ್ಲ. ನಾನು ಹೇಳಿದೆ, ಬಿಟ್ಟುಬಿಡು ಅಂತ. ಆಯ್ತು ಅಂತಾಳೆ, ಮತ್ತೆ ಅಭ್ಯಾಸಕ್ಕೆ ನಿಲ್ಲಿಸಿದರೆ ಕೈ ತಾನಾಗೇ ಜೇಬಿಗೆ ಹೋಗುತ್ತೆ. ನೀನು ಹಚ್ಚಿದ ಚಟ. ನೀನೇ ಬಂದು ಬಿಡಿಸು."

ಚಟವಲ್ಲ, ಕ್ರಮ. ಕರ್ನಾಟಕದಲ್ಲಿ ಮನೆ ಶೋಧಕ್ಕೆ ಹೋದರೆ ಮೊದಲು ಬೀದಿಯ ಇಬ್ಬರು ಗೃಹಸ್ಥರನ್ನು ಪಂಚರಾಗಿ, ಅಂದರೆ ಶೋಧದ ಸಾಕ್ಷಿಗಳಾಗಿ, ಕರೆಯುತ್ತೇವೆ. ಒಳಗೆ ಕಾಲಿಡುವ ಮುನ್ನ ಅವರ ಎದುರು ಪೊಲೀಸರೇ ತಮ್ಮ ಜೇಬು ತೋರಿಸಬೇಕು, ಒಳಗೆ ಸಿಕ್ಕಿದ್ದನ್ನು ನಾವೇ ತಂದಿಟ್ಟೆವು ಎನ್ನುವ ಮಾತು ಬರಬಾರದೆಂದು. ಎಲ್ಲರೂ ಎಲ್ಲ ಸಲವೂ ಹೀಗೆ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ನಾನು ಮಾಡುತ್ತಿದ್ದೆ.

ಡೆವನ್ ಅವೆನ್ಯೂ

ಮಾರ್ಥಾಳ ಹತ್ತಿರ ಬರಿಗೈಯಲ್ಲಿ ಹೋಗುವುದು ಹೇಗೆ? ಆ ದೇಶದಲ್ಲಿದ್ದ ನಮ್ಮ ಭಾರತೀಯ ತುಕಡಿಯ ಅಡುಗೆಮನೆಯಿಂದ ಅವಳು ಕೇಳಿ ಪಡೆಯುತ್ತಿದ್ದದ್ದು ನಿಂಬೆಕಾಯಿ ಉಪ್ಪಿನಕಾಯಿ. ಅನ್ನದ ಮೇಲೆ ಅದನ್ನು ಹಾಕಿಕೊಂಡು, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸುತ್ತಿರಲಿಲ್ಲ. ಹಾಗಾಗಿ ಸ್ಮಿತಾ ನನ್ನನ್ನು ಷಿಕಾಗೋದಲ್ಲಿ ನಮ್ಮ ಕಡೆಯ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಕರೆದೊಯ್ದಳು.

ಸೀರೆ ಅಂಗಡಿ, ಕಬಾಬಿನ ಹೊಗೆ, ಬಾಗಿಲಿಗೇ ಒರಗಿಸಿಟ್ಟ ಬಾಸ್ಮತಿ ಚೀಲಗಳು. ನೋಡಲು ಎಲ್ಲ ಇದೆ, ಕಾರು ನಿಲ್ಲಿಸಲು ಮಾತ್ರ ಜಾಗವಿಲ್ಲ. ಒಂದು ಸುತ್ತು ಹೊಡೆದೆವು, ಇನ್ನೊಂದು ಹೊಡೆದೆವು. ರಸ್ತೆಯ ಆ ಬದಿಯಲ್ಲಿ ಒಂದು ಕಾರು ಹೊರಗೆ ಬರುತ್ತಿರುವುದು ಕಾಣಿಸಿತು. "ನೀನು ತಿರುಗಿಸಿಕೊಂಡು ಬಾ," ಎಂದು ನಾನು ಇಳಿದೆ. ಬಸ್ಸನ್ನು ಹಾದುಹೋಗಲು ಬಿಟ್ಟು, ಓಡಿ, ಖಾಲಿ ಜಾಗದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಬೆಳ್ಳಿ ಬಣ್ಣದ ಕಾರೊಂದು ಬಂದು ನನ್ನ ಮೊಣಕಾಲಿಗೆ ಮೂತಿ ಹಿಡಿದು ಹಾರ್ನ್ ಬಜಾಯಿಸಿತು. ನಾನು ಕದಲಲಿಲ್ಲ. ಹಿಂದೆ ಸಾಲು ಬೆಳೆಯಿತು. ಅಷ್ಟರಲ್ಲಿ ಪೊಲೀಸಿನವನೊಬ್ಬ ನಡೆದು ಬಂದ. ಎತ್ತರದ ಆಳು. ಕೈಯಲ್ಲಿ ಚಹಾದ ಲೋಟ.

"ಅಮ್ಮಾ, ಇಲ್ಲೇನು ಮಾಡ್ತಿದ್ದೀರಿ?"

"ನನ್ನ ತಂಗಿ ಮಗಳು ಬರ್ತಾ ಇದಾಳೆ. ಜಾಗ ಹಿಡಿದಿದೀನಿ. ನಾನೂ ಪೊಲೀಸೇ."

"ಎಲ್ಲಿಯ ಪೊಲೀಸ್?"

"ಚಾಮರಾಜನಗರ."

ಆತ ಸ್ವಲ್ಪ ಹೊತ್ತು ಯೋಚಿಸಿದ. ಆ ಠಾಣೆ ತನ್ನ ವ್ಯಾಪ್ತಿಯಲ್ಲಿದೆಯೇ ಎಂದು ಲೆಕ್ಕ ಹಾಕುತ್ತಿರುವಂತೆ ಕಂಡಿತು. "ಸರಿ ಮೇಡಂ. ಚಳಿಗಾಲದಲ್ಲಿ ಹಿಮ ಎತ್ತಿ ಹಾಕಿದವರು ಆ ಜಾಗದಲ್ಲಿ ಇದು ನಮ್ಮದು ಅಂತ ಒಂದು ಹಳೇ ಕುರ್ಚಿ ಇಟ್ಟು ಹೋಗ್ತಾರೆ. ಅದನ್ನ ಈ ಊರಲ್ಲಿ ಯಾರೂ ಮುಟ್ಟಲ್ಲ. ಇನ್ನೂ ಹಿಮ ಬಿದ್ದಿಲ್ಲ, ನೀವು ಕುರ್ಚಿಯೂ ಅಲ್ಲ. ಫುಟ್‌ಪಾತಿಗೆ ಹತ್ತಿ."

ಹತ್ತಿದೆ. ಬೆಳ್ಳಿ ಕಾರಿನವನು ಜಾಗಕ್ಕೆ ನುಗ್ಗಿ, ಇಳಿದು, ನೋಡಿದರೆ ಉರ್ದುವಿನವನು, "ಮಾಫ್ ಕರ್ನಾ ಖಾಲಾ" ಎಂದು ಕ್ಷಮೆ ಕೇಳಿ, ಎದೆ ಮುಟ್ಟಿಕೊಂಡು ಹೋದ. ಸ್ಮಿತಾ ಕಾರಿನಿಂದಲೇ ಎಲ್ಲ ನೋಡಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಉಪ್ಪಿನಕಾಯಿ ಸಿಕ್ಕಿತು.

ಮಿಷಿಗನ್ ದಾರಿ

ಗುರುವಾರ ಹೊರಟೆವು. ಸ್ಮಿತಾ ಲ್ಯಾಪ್‌ಟಾಪನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು, "ವರ್ಕ್ ಫ್ರಂ ಹೋಮ್ ಅಂತ ಅಪ್ಲೈ ಮಾಡಿದೀನಿ. ಹೋಮ್ ಎಲ್ಲಿ ಅಂತ ಅವ್ರು ಕೇಳಿಲ್ಲ," ಎಂದಳು. ಮಿಷಿಗನ್ ಸರೋವರದ ಕೆಳತುದಿಯನ್ನು ಬಳಸಿಕೊಂಡು ಹೋಗುವ ದಾರಿ. ಸರೋವರ ಕಾಣಲಿಲ್ಲ. ಲಾರಿಗಳು ಕಂಡವು. ಲಾರಿಗಳ ನಡುವೆ ಕೆಂಪಾದ ಮರಗಳು, ಎಕ್ಸಿಟ್ ಹಲಗೆಗಳು, ಮತ್ತೆ ಲಾರಿಗಳು.

"ಮಾರ್ಥಾಗೆ ನೀವು ಹೆಂಗೆ ಕಲಿಸಿದ್ರಿ ದೊಡ್ಡಮ್ಮ, ಹೇಳಿ."

ಹೇಳಿದೆ. ಯುದ್ಧದ ಕಾಲದಲ್ಲಿ ಆ ಊರಿನ ಪೊಲೀಸರೂ ಲೂಟಿ ಮಾಡಿದ್ದರು. ಶೋಧ ಎಂದು ಮನೆಗೆ ನುಗ್ಗಿ ರೇಡಿಯೋ, ಪಾತ್ರೆ, ಕೊನೆಗೆ ಬಾಗಿಲನ್ನೇ ಹೊತ್ತುಕೊಂಡು ಹೋಗಿದ್ದರು. ಹೊಸ ಸಮವಸ್ತ್ರ ತೊಟ್ಟವರನ್ನು ಕಂಡರೂ ಜನ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಕದ್ದ ಜನರೇಟರ್ ಹುಡುಕಲು ಒಂದು ಮನೆಗೆ ಹೋದಾಗ ನಾನು ಮಾರ್ಥಾಳನ್ನು ಹೊಸ್ತಿಲಲ್ಲಿ ತಡೆದೆ. ಅಕ್ಕಪಕ್ಕದವರನ್ನು ಕರೆಸಿ ನನ್ನ ಜೇಬನ್ನು ನಾನೇ ತೆಗೆದು ತೋರಿಸಿದೆ. ಮಾರ್ಥಾ ನನ್ನನ್ನು ನೋಡಿ ತಾನೂ ತೋರಿಸಿದಳು. ಬೀದಿಯೆಲ್ಲ ಸ್ತಬ್ಧವಾಯಿತು. ಅಂದಿನಿಂದ ಜನ ತಾವಾಗಿಯೇ ಠಾಣೆಗೆ ಬರತೊಡಗಿದರು.

"ವಾವ್," ಎಂದಳು ಸ್ಮಿತಾ.

ಆ ವಾವ್ ನನ್ನನ್ನು ಎಚ್ಚರಿಸಿತು. ಈ ಕಥೆಯನ್ನು ನಾನು ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಹೇಳಿದ್ದೇನೆ, ಕಾಲೇಜುಗಳಲ್ಲಿ ಹೇಳಿದ್ದೇನೆ, ಮದುವೆಮನೆಗಳಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಅದಕ್ಕೆ ಈಗ ಒಂದು ಒಳ್ಳೆಯ ಮೈಕಟ್ಟು ಬಂದಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ನನಗೆ ಗೊತ್ತು. ಠಾಣೆಯಲ್ಲಿ ಒಬ್ಬ ಸಾಕ್ಷಿ ಇಷ್ಟು ಚೊಕ್ಕವಾಗಿ ಹೇಳಿದ್ದರೆ, ಇವನಿಗೆ ಯಾರು ಬಾಯಿಪಾಠ ಮಾಡಿಸಿದರು ಎಂದು ಕೇಳುತ್ತಿದ್ದೆ. ಬೀದಿ ಸ್ತಬ್ಧವಾಯಿತೆ? ಆ ಊರಿನ ಬೀದಿಯಲ್ಲಿ ಕೋಳಿಗಳಿದ್ದವು. ಅವು ಯಾವತ್ತೂ ಸುಮ್ಮನಿದ್ದವಲ್ಲ.

ಮಿಷಿಗನ್ ಒಳಗೆ ಎಷ್ಟೋ ದೂರ ಹೋದ ಮೇಲೆ ಡೇಲ್ ಫೋನ್ ಮಾಡಿ, ಊಟಕ್ಕೆ ಕಾಯುತ್ತಿದ್ದೇನೆ, ಎಲ್ಲಿದ್ದೀರಿ ಎಂದ. ಇನ್ನೂ ಒಂದು ಗಂಟೆ ಸಮಯವಿದೆಯಲ್ಲ ಎಂದೆ. ಇಲ್ಲ, ಈಗಲೇ ಆಯಿತು ಎಂದ. ಇಬ್ಬರೂ ಸ್ವಲ್ಪ ಹೊತ್ತು ಪಟ್ಟುಹಿಡಿದು ವಾದಿಸಿದೆವು. ಆಮೇಲೆ ಸ್ಮಿತಾ ಹಣೆ ಚಚ್ಚಿಕೊಂಡಳು. ಷಿಕಾಗೋದ ಗಡಿಯಾರಕ್ಕಿಂತ ಡೆಟ್ರಾಯಿಟಿನದು ಒಂದು ಗಂಟೆ ಮುಂದೆ. ದಾರಿಯಲ್ಲಿ ಎಲ್ಲೋ ಗೆರೆ ದಾಟಿದ್ದೆವು, ಗೊತ್ತೇ ಆಗಿರಲಿಲ್ಲ. ಡೇಲ್ ಮತ್ತು ನಾನು, ಇಬ್ಬರೂ ಸರಿಯಾಗಿದ್ದೆವು. ಅದು ನಮ್ಮ ಹಳೆಯ ರೋಗ.

ಡೆಟ್ರಾಯಿಟ್ ಹೊರಗಿನ ಒಂದು ಹೋಟೆಲು

ಡೇಲ್ ದಪ್ಪಗಾಗಿದ್ದ. ಮೀಸೆ ಬಿಳಿಯಾಗಿತ್ತು. ತಬ್ಬಿಕೊಂಡು, ಬಿಟ್ಟು, ಇಬ್ಬರೂ ಒಟ್ಟಿಗೆ ಒಂದೇ ಕುರ್ಚಿಯತ್ತ ಹೋದೆವು. ಗೋಡೆಗೆ ಬೆನ್ನು, ಬಾಗಿಲಿಗೆ ಮುಖ ಇರುವ ಕುರ್ಚಿ.

"ಅದು ನನ್ನದು," ಎಂದ ಡೇಲ್.

"ನಾನು ಅತಿಥಿ."

"ಅತಿಥಿಗೆ ಕಿಟಕಿ ಕಡೆ ಕೂರಿಸ್ತೀವಿ. ಅಲ್ಲಿಂದ ಪಾರ್ಕಿಂಗ್ ಜಾಗದ ಒಳ್ಳೇ ನೋಟ ಇದೆ."

ಕೊನೆಗೆ ಎರಡು ಕುರ್ಚಿಗಳನ್ನು ಒಂದೇ ಗೋಡೆಗೆ ಸಾಲಾಗಿ ಹಾಕಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಪಕ್ಕಪಕ್ಕ ಕುಳಿತೆವು. ಸ್ಮಿತಾ ಎದುರಿಗೆ. ಬಡಿಸುವವಳು ಏನೂ ಕೇಳಲಿಲ್ಲ. ಆ ಊರಿನಲ್ಲಿ ಪೊಲೀಸರು ಬಹಳ ಬರುತ್ತಾರೇನೋ.

ಮಾರ್ಥಾ ತರಬೇತಿಯಿಂದ ನೇರ ಬಂದಳು. ತಲೆಗೂದಲನ್ನು ಬಿಗಿಯಾಗಿ ಕಟ್ಟಿದ್ದಳು. ನನ್ನನ್ನು ಕಂಡದ್ದೇ ಬಾಗಿಲಲ್ಲಿ ನಿಂತು ಸೆಲ್ಯೂಟ್ ಹೊಡೆದಳು. ಹ್ಯಾಂಬರ್ಗರ್ ತಿನ್ನುತ್ತಿದ್ದ ಕುಟುಂಬವೊಂದು ತಿರುಗಿ ನೋಡಿತು.

"ಮೇಡಂ. ನೀವು ನನ್ನ ಬಯ್ಯೋಕೇ ಇಷ್ಟು ದೂರ ಬಂದ್ರಾ?"

"ಉಪ್ಪಿನಕಾಯಿ ಕೊಡೋಕೆ ಬಂದೆ. ಬಯ್ಗುಳ ಅದರ ಜೊತೆಗೆ."

ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಊಟದ ನಡುವೆ ನಾನು ನೇರವಾಗಿ ಕೇಳಿದೆ. "ಆ ಜೇಬಿನ ಕೆಲಸ ನಾನು ಯಾಕೆ ಕಲಿಸಿದೆ ಅಂತ ನಿನಗೆ ಗೊತ್ತು. ಅದು ಆ ಊರಿಗೆ ಬೇಕಾಗಿತ್ತು. ಇಲ್ಲಿ ಬೇಡ."

"ನೀನು ಕಲಿಸಿದ್ದಾ?" ಎಂದ ಡೇಲ್, ಆಲೂಗಡ್ಡೆ ಚುಚ್ಚಿದ ಫೋರ್ಕನ್ನು ಗಾಳಿಯಲ್ಲೇ ನಿಲ್ಲಿಸಿ. "ಜನರೇಟರ್ ಮನೆ ತಾನೆ? ಅವತ್ತು ನೀನು ಇರಲೇ ಇಲ್ಲ. ನಿನಗೆ ಮಲೇರಿಯಾ. ನೆರೆಯವರನ್ನ ಅಡ್ಡ ಕಟ್ಟಿದ ಪೊಲೀಸ್ ಟೇಪಿನ ಆಚೆ ನಿಲ್ಲಿಸಿ ಅಂತ ನಾನೇ ಹೇಳಿದ್ದು. ಇವಳು ನಿನ್ನ ತರಗತಿ ನೆನಪಿಸಿಕೊಂಡು ಜೇಬು ತೆಗೆದಳು. ನಾನು ಬೇಡ ಅಂದೆ."

"ನಾನಿದ್ದೆ. ಬೀದಿಯಲ್ಲಿ ನಿಂತಿದ್ದೆ."

"ನೀನು ಹಾಸಿಗೆಯಲ್ಲಿದ್ದೆ. ನಾನೇ ನಿನಗೆ ಗಂಜಿ ತಂದುಕೊಟ್ಟೆ."

"ನೀನು ಜೀವಮಾನದಲ್ಲಿ ಗಂಜಿ ಕಾಯಿಸಿದವನಲ್ಲ ಡೇಲ್."

"ತಂದುಕೊಟ್ಟೆ ಅಂದೆ. ಕಾಯಿಸಿದೆ ಅಂದ್ನಾ?"

ಮಾರ್ಥಾ ನಮ್ಮಿಬ್ಬರನ್ನೂ ಒಮ್ಮೆ ನೋಡಿ ನಕ್ಕಳು. ಠಾಣೆಯಲ್ಲೂ ಹೀಗೆಯೇ ನಗುತ್ತಿದ್ದಳು. ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

"ಮೇಡಂ, ನೀವಿಬ್ಬರೂ ಇದ್ರಿ. ಇಬ್ಬರೂ ಗೇಟಿನ ಹತ್ತಿರ ಜಗಳ ಆಡ್ತಾ ಇದ್ರಿ, ನೆರೆಯವರನ್ನ ಒಳಗೆ ಬಿಡಬೇಕು, ಬಿಡಬಾರದು ಅಂತ. ನಾನು ಬಾಗಿಲಿಗೆ ಹೋದೆ. ಆ ಮನೆಯ ಮುದುಕಿ ಅಡ್ಡ ನಿಂತಳು. ನನ್ನ ಜೇಬಿಗೆ ಅವಳೇ ಕೈ ಹಾಕಿದಳು. ಹಿಂದೆ ಯಾರೋ ಪೊಲೀಸರು ಅವಳ ಮಗನ ಹಾಸಿಗೆಯಡಿ ಗುಂಡು ಇಟ್ಟು, ಸಿಕ್ಕಿತು ಅಂತ ಎಳ್ಕೊಂಡು ಹೋಗಿದ್ರಂತೆ. ಮಗ ವಾಪಸ್ ಬರಲೇ ಇಲ್ಲ. ಅವಳ ಕೈ ನನ್ನ ಜೇಬಿನ ಮೂಲೆ ಮೂಲೆ ಹುಡುಕ್ತು. ಅದಾದ ಮೇಲೆ, ಯಾರೂ ಕೈ ಹಾಕೋ ಮುಂಚೆ ನಾನೇ ತೆಗೆದು ತೋರಿಸೋಕೆ ಶುರು ಮಾಡಿದೆ. ನಿಮ್ಮ ಕ್ಲಾಸಲ್ಲಿ ಕೇಳಿದ್ದು ಆಗ ಅರ್ಥ ಆಯ್ತು."

ಡೇಲ್‌ಗೆ ಮುದುಕಿ ನೆನಪಿರಲಿಲ್ಲ. ನನಗೆ ಮಲೇರಿಯಾ ನೆನಪಿದೆ, ಯಾವ ತಿಂಗಳೆಂದು ನೆನಪಿಲ್ಲ. ಮೂವರು ಪೊಲೀಸರು, ಒಂದು ಬಾಗಿಲು, ಮೂರು ಹೇಳಿಕೆ. ಪ್ರಾಮಾಣಿಕ ಸಾಕ್ಷಿಗಳು ಹೀಗೆಯೇ ಇರುತ್ತಾರೆ. ನನ್ನ ಕಥೆಯನ್ನು ಇನ್ನು ಮದುವೆಮನೆಗಳಲ್ಲಿ ಹೇಳಲಾಗದು ಎಂಬುದಷ್ಟೇ ನನಗಾದ ನಷ್ಟ.

ಆದರೆ ನಾಳೆಯ ಪರೀಕ್ಷೆಗೂ ಈ ಸತ್ಯಕ್ಕೂ ಸಂಬಂಧವಿರಲಿಲ್ಲ.

"ಕೇಳು ಮಾರ್ಥಾ. ಇಲ್ಲಿ ಪ್ರತಿ ಮನೆಯಲ್ಲೂ ಬಂದೂಕು ಇರಬಹುದು ಅಂದ್ಕೊಂಡೇ ಬಾಗಿಲು ತಟ್ಟಬೇಕು. ಕೈ ಎರಡೂ ಜೇಬಲ್ಲಿದ್ರೆ ನೀನು ಸಾಯ್ತೀಯ. ನಿನ್ನ ಕರೆಗೆ ಬಂದ ನೆರೆಯವಳೂ ಸಾಯ್ತಾಳೆ. ನಿನ್ನನ್ನ ಫೇಲ್ ಮಾಡಿದ ಸಾರ್ಜೆಂಟ್ ಹೇಳಿದ್ದು ಸರಿ. ನಾಳೆ ಅದನ್ನ ಬಿಟ್ಟುಬಿಡು."

"ಆಯ್ತು ಮೇಡಂ."

"ಆಯ್ತು ಅನ್ಬೇಡ. ಕೈ ತೋರಿಸು."

ಅವಳು ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟಳು.

"ಮೇಡಂ, ಬಾಗಿಲ ಮುಂದೆ ನಿಂತ ಕೂಡಲೇ ಆ ಮುದುಕಿಯ ಕೈ ಬರುತ್ತೆ. ನಾನು ಏನ್ ಮಾಡ್ಲಿ?"

ಡೇಲ್ ತನ್ನ ತಟ್ಟೆಯ ಆಲೂಗಡ್ಡೆಯನ್ನು ಅವಳ ತಟ್ಟೆಗೆ ದೂಡಿದ. ಅವಳು ಉಪ್ಪಿನಕಾಯಿ ಬಾಟಲಿ ತೆಗೆದು, ಅಲ್ಲೇ, ಆಲೂಗಡ್ಡೆಯ ಮೇಲೆ ಸುರಿದುಕೊಂಡು ತಿಂದಳು.

ಯಾರೂ ವಾಸಿಸದ ಮನೆ

ತರಬೇತಿ ಶಾಲೆಯ ಹಿಂದೆ ಮೂರು ಮನೆಗಳಿವೆ. ಪರೀಕ್ಷೆಗೆಂದೇ ಕಟ್ಟಿದವು. ಕಿಟಕಿಗೆ ಪರದೆ, ಬಾಗಿಲಿಗೆ ಸಂಖ್ಯೆ, ಅಂಗಳದಲ್ಲಿ ಮಗುವಿನ ಉಯ್ಯಾಲೆ. ಅಲ್ಲಿ ಇದುವರೆಗೆ ಯಾರೂ ಒಂದು ಲೋಟ ಹಾಲು ಕಾಯಿಸಿಲ್ಲ. ಯುದ್ಧ ಮುಗಿದ ದೇಶದಲ್ಲಿ ನಾನು ಕಂಡದ್ದು ಇದಕ್ಕೆ ತಿರುಗುಮುರುಗಾಗಿತ್ತು. ಅಲ್ಲಿ ಜನ ವಾಸವಿದ್ದರು, ಮನೆಗಳಿಗೆ ಬಾಗಿಲು, ಸೂರು, ಒಮ್ಮೊಮ್ಮೆ ಗೋಡೆಯೂ ಇರುತ್ತಿರಲಿಲ್ಲ.

ಡೇಲ್ ಇಲ್ಲಿ ನಟನಾಗಿ ಬಂದುಹೋಗುತ್ತಿರುತ್ತಾನೆ. ಕುಡುಕನ ಪಾತ್ರದಲ್ಲಿ ಹೆಸರು ಮಾಡಿದ್ದಾನಂತೆ. ನೆರೆಮನೆಯವಳ ಪಾತ್ರ ಮಾಡಬೇಕಾಗಿದ್ದ ಹೆಂಗಸು ಜ್ವರವೆಂದು ಆ ಬೆಳಿಗ್ಗೆ ಬಂದಿರಲಿಲ್ಲ. ಡೇಲ್ ನನ್ನನ್ನು ತೋರಿಸಿದ. ಸಾರ್ಜೆಂಟ್, ತುಟಿ ಬಿಗಿದ ಎತ್ತರದ ಹೆಂಗಸು, ನಾನು ಯಾರೆಂದು ಕೇಳಿದಳು. ಮುಚ್ಚಿಡದೆ ಹೇಳಿದೆ. ಮಾರ್ಥಾಗೆ ಪೊಲೀಸ್ ಕೆಲಸ ಕಲಿಸಿದವಳು, ಅವಳು ಫೇಲಾದ ಕೆಲಸವನ್ನೂ ಕಲಿಸಿದವಳು.

"ಹಾಗಾದರೆ ಇನ್ನೂ ಒಳ್ಳೆಯದು," ಎಂದಳು. "ಗುರುವನ್ನು ದೂರ ನಿಲ್ಲಿಸೋಕೆ ಬರುತ್ತಾ ನೋಡೋಣ. ನೀವು ಪಕ್ಕದ ಆ ಮನೆಯಿಂದ ಹೊರಗೆ ಬನ್ನಿ. ನೆರೆಯವರು ಏನು ಕೇಳ್ತಾರೋ ಅದನ್ನ ಕೇಳಿ. ಯಾರನ್ನೂ ಮುಟ್ಟಬೇಡಿ. ಅವಳು ನಿಲ್ಲಿ ಅಂದರೆ ನಿಲ್ಲಬೇಡಿ. ನಿಲ್ಲಲೇಬೇಕು ಅನ್ನಿಸೋ ದನಿಯಲ್ಲಿ ಹೇಳಿದಾಗ ಮಾತ್ರ ನಿಲ್ಲಿ."

ನಲವತ್ತು ಡಿಗ್ರಿ ಎಂದಿತ್ತು ಸ್ಮಿತಾಳ ಫೋನು. ಅದು ಇಲ್ಲಿನ ಅಳತೆಯಲ್ಲಿ ಚಳಿ. ಸ್ಮಿತಾ ಟೇಪಿನ ಆಚೆ ನಿಂತು ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಮಾರ್ಥಾ ಇನ್ನೊಬ್ಬ ಅಭ್ಯರ್ಥಿಯ ಜೊತೆ ಬಂದಳು. ಇಬ್ಬರ ಸೊಂಟದಲ್ಲೂ ನೀಲಿ ರಬ್ಬರಿನ ಪಿಸ್ತೂಲು. ಎದೆಯ ಮೇಲೆ ಕ್ಯಾಮೆರಾ. ಜೊತೆಗಾರನನ್ನು ಪಕ್ಕಕ್ಕೆ ನಿಲ್ಲಿಸಿ, ತಾನು ಬಾಗಿಲ ಬದಿಯ ಗೋಡೆಗೆ ಒರಗಿ, ತಟ್ಟಿ, ಪೊಲೀಸ್ ಎಂದು ಕೂಗಿದಳು. ಚೆನ್ನಾಗಿ ಕೂಗಿದಳು.

ನಾನು ನನ್ನ ಸುಳ್ಳುಮನೆಯಿಂದ ಹೊರಟೆ. ಹುಲ್ಲನ್ನು ತುಳಿದುಕೊಂಡು ನೇರ ಅವಳ ಕಡೆಗೆ.

"ಏಯ್! ಯಾರ ಮನೆಗೆ ನುಗ್ತಾ ಇದೀರಿ?"

ಅವಳು ತಿರುಗಿ ನನ್ನನ್ನು ಕಂಡಳು. ಕಣ್ಣು ದೊಡ್ಡದಾಯಿತು. ನಾನು ಇರುತ್ತೇನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಮೇಡಂ, ಅಲ್ಲೇ ನಿಲ್ಲಿ," ಎಂದಳು. ವಿದ್ಯಾರ್ಥಿಯ ದನಿ. ಚಹಾ ತರಲೇ ಎಂದು ಕೇಳುವ ದನಿ. ನಾನು ನಿಲ್ಲಲಿಲ್ಲ.

ಅವಳ ಎಡಗೈ ಇಳಿಯಿತು. ಹೆಬ್ಬೆರಳು ಜೇಬಿನ ಅಂಚಿಗೆ ಹೋಯಿತು. ನಾನು ಕಂಡೆ. ಸಾರ್ಜೆಂಟ್ ಕೂಡ ಕಂಡಳು. ಅವಳ ಪೆನ್ನು ಕಾಗದಕ್ಕೆ ತಾಗಿತು.

ಆಗ ನನ್ನ ಬಾಯಿಂದ ಬಂದದ್ದನ್ನು ನಾನು ಯೋಚಿಸಿ ಆಡಲಿಲ್ಲ. ಅವಳಿಗೆ ನೆರವಾಗಲೆಂದೇ ಆಡಿದೆ ಎಂದು ಈಗ ಬರೆಯಬಹುದು. ಪಾತ್ರ ನನ್ನನ್ನು ಎಳೆದುಕೊಂಡಿತು ಎಂದೂ ಬರೆಯಬಹುದು. ಎರಡೂ ಆಮೇಲೆ ಹೊಲಿದುಕೊಂಡ ಅಂಗಿಗಳು. ಕಂಡದ್ದನ್ನಷ್ಟೇ ಹೇಳುತ್ತೇನೆ. ನಾನು ಕೈ ಚಾಚಿ ಕೂಗಿದೆ.

"ಒಳಗೆ ಏನ್ ತಗೊಂಡು ಹೋಗ್ತಾ ಇದೀರಿ? ಜೇಬು ತೋರಿಸಿ! ನನಗೆ ತೋರಿಸಿ ಆಮೇಲೆ ಹೋಗಿ!"

ಟೇಪಿನ ಆಚೆಯಿಂದ ಸ್ಮಿತಾಳ "ಅಯ್ಯೋ ದೊಡ್ಡಮ್ಮ" ಕೇಳಿಸಿತು.

ಮಾರ್ಥಾಳ ಹೆಬ್ಬೆರಳು ಜೇಬಿನ ಅಂಚಿನಲ್ಲೇ ಇತ್ತು. ಆ ಕೈ ಮೇಲೆದ್ದಿತು. ಅಂಗೈ ನನ್ನ ಕಡೆಗೆ ತೆರೆಯಿತು.

"ಹುಲ್ಲಿನ ಅಂಚಿಗೆ ಹೋಗಿ ನಿಲ್ಲಿ! ಈಗ!"

ನಾನು ನಿಂತೆ. ನಿಲ್ಲಬೇಕೆಂದುಕೊಳ್ಳುವ ಮೊದಲೇ ಕಾಲು ನಿಂತಿತ್ತು. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ಅಂಚು ಮುಟ್ಟಿದೆ.

"ಮನೆ ಒಳಗೆ ಅಪಾಯ ಇರಬಹುದು, ನಿಮಗೂ ಸೇರಿ," ಎಂದಳು, ಬಾಗಿಲಿನಿಂದ ಕಣ್ಣು ತೆಗೆಯದೆ. "ನೀವು ಕೇಳಿದ್ದು ಕೇಳಿಸಿತು. ಕೆಲಸ ಮುಗೀಲಿ. ನಾನೇ ಬಂದು ಉತ್ತರ ಕೊಡ್ತೀನಿ."

ಒಳಗೆ ಹೋದರು. ಡೇಲ್ ಕುಡುಕನಾಗಿ ಅರಚುವುದು ಕೇಳಿಸಿತು. ಏನೋ ಬಿದ್ದಿತು. ಅವಳ ದನಿ ಮೇಲಾಯಿತು. ಆಮೇಲೆ ಕೈ ಹಿಂದೆ ಕಟ್ಟಿಸಿಕೊಂಡ ಡೇಲ್ ಹೊರಗೆ ಬಂದ, ಮೀಸೆಗೆ ಧೂಳು ಮೆತ್ತಿತ್ತು. ಸಾರ್ಜೆಂಟ್ ಸೀಟಿ ಊದಿದಳು. ಮುಗಿಯಿತು.

ಎಲ್ಲರೂ ಸಾರ್ಜೆಂಟ್ ಸುತ್ತ ಸೇರಿದರು. ಮಾರ್ಥಾ ಅಲ್ಲಿಗೆ ಹೋಗಲಿಲ್ಲ. ರಬ್ಬರಿನ ಪಿಸ್ತೂಲನ್ನು ಜೊತೆಗಾರನ ಕೈಗೆ ಕೊಟ್ಟು, ಅಂಗಳ ದಾಟಿ, ಹುಲ್ಲಿನ ಅಂಚಿಗೆ ಬಂದಳು. ನಾನು ಇನ್ನೂ ಅಲ್ಲೇ ನಿಂತಿದ್ದೆ. ಬಾ ಎಂದು ಯಾರೂ ಹೇಳಿರಲಿಲ್ಲ.

ನನ್ನ ಮುಂದೆ ನಿಂತು ಅವಳು ಜೇಬುಗಳನ್ನು ಹೊರಗೆ ಎಳೆದಳು.

"ಪರೀಕ್ಷೆ ಮುಗೀತು," ಎಂದಳು ಸಾರ್ಜೆಂಟ್ ಅಲ್ಲಿಂದಲೇ. "ಅದು ಯಾರಿಗೆ?"

"ಅವರು ಕೇಳಿದ್ರು ಸಾರ್ಜೆಂಟ್. ಬರ್ತೀನಿ ಅಂದಿದ್ದೆ."

ಸಾರ್ಜೆಂಟ್ ಕಾಗದ ನೋಡಿದಳು, ಮಾರ್ಥಾಳನ್ನು ನೋಡಿದಳು, ಪೆನ್ನಿನ ಮುಚ್ಚಳ ಹಾಕಿದಳು. "ಇದಕ್ಕೆ ಅಂಕ ಇಲ್ಲ," ಎಂದಳು. "ಬೇಕಾಗಿಯೂ ಇಲ್ಲ. ಪಾಸಾಗಿದ್ದೀಯ."

ಡೇಲ್ ಏನೋ ಕೂಗಿದ. ಸ್ಮಿತಾ ಚಪ್ಪಾಳೆ ತಟ್ಟಿದಳು. ಮಾರ್ಥಾ ತಿರುಗಲಿಲ್ಲ. ಜೇಬಿನ ಬಿಳಿ ಬಟ್ಟೆ ಗಾಳಿಗೆ ಅಲ್ಲಾಡುತ್ತಿತ್ತು, ಅವಳು ಕಾಯುತ್ತಿದ್ದಳು. ಪಂಚರು ನೋಡಿದಂತೆ ಮಾಡಿ ಬಿಡುವಂತಿಲ್ಲ. ನಾನು ಬಗ್ಗಿ ನೋಡಿದೆ. ಜೇಬಿನಿಂದ ತೆಗೆದ ತನ್ನ ಮನೆಯ ಬೀಗದ ಕೈ ಅವಳ ಅಂಗೈಯಲ್ಲಿತ್ತು. ಜೇಬುಗಳ ಮೂಲೆಯನ್ನು ಬೆರಳಿನಿಂದ ಹಿಡಿದು ನೋಡಿದೆ. ಒಂದರಲ್ಲೂ ಏನೂ ಇರಲಿಲ್ಲ.

"ಸರಿಯಾಗಿದೆ," ಎಂದೆ. "ಇನ್ನು ಒಳಗೆ ಹೋಗಬಹುದು."